ಅಮ್ಮನ ತಟ್ಟೆಗೆ ಯಾವ ಬಾಡು? ಜಿಂಕ್, ಹೃದಯ ಮತ್ತು ಭಾನುವಾರದ ಸಾರಿನ ಲೆಕ್ಕ

"ಅಪ್ಪಂಗೆ ಎಪ್ಪತ್ತೆರಡಾಯ್ತು. ಸುಸ್ತು ಅಂತಾರೆ, ಬಾಯಿಗೆ ರುಚಿ ಹತ್ತಲ್ಲ ಅಂತಾರೆ. ಒಬ್ರು ಜಿಂಕ್ ಕಮ್ಮಿ ಇರ್ಬೇಕು, ಮಟನ್ ಕೊಡಿ ಅಂದ್ರು. ಇನ್ನೊಬ್ರು ಹಾರ್ಟಿಗೆ ಆಗಲ್ಲ, ಮಟನ್ ಮುಟ್ಟಿಸ್ಬೇಡಿ ಅಂದ್ರು. ಯಾರ ಮಾತು ಕೇಳೋದು?"

ಈ ಪ್ರಶ್ನೆ ಸ್ವಲ್ಪ ಸ್ವಲ್ಪ ವೇಷ ಬದಲಿಸಿಕೊಂಡು ನನ್ನ ಹತ್ತಿರ ಬರುತ್ತಲೇ ಇದೆ. 2025ರ ಜೂನ್‌ನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸುದ್ದಿ ದಿನಾ ಟಿವಿಯಲ್ಲಿ ಬಂದಾಗ ನಮ್ಮ ಜಿಲ್ಲೆಯವರು ಕತ್ತಲಲ್ಲೇ ಬಸ್ಸು ಹತ್ತಿ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಸಾಲು ನಿಂತದ್ದು ನೆನಪಿರಬೇಕು. ಹಠಾತ್ತಾಗಿ ಸಾವು ಹೆಚ್ಚಿಲ್ಲ ಎಂದು ಸರ್ಕಾರದ ತಜ್ಞರ ಸಮಿತಿ ಮುಂದಿನ ತಿಂಗಳು ವರದಿ ಕೊಟ್ಟಿತು. ಆಸ್ಪತ್ರೆ ಮುಂದಿನ ಸಾಲು ಕರಗಿದರೂ ಹೆದರಿಕೆ ಮಾತ್ರ ಅಡುಗೆಮನೆಗೆ ಬಂದು ಕೂತಿದೆ.

ನಾನು ಡಾಕ್ಟರಲ್ಲ. ಮನೆಯಲ್ಲಿ ಎಪ್ಪತ್ತಾರರ ಅಮ್ಮ, ಸಕಲೇಶಪುರದಲ್ಲಿ ಚಿಕ್ಕಪ್ಪ, ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು. ಇಬ್ಬರೂ ಬಾಡು ಬಿಡುವ ಪೈಕಿಯಲ್ಲ. ಇಬ್ಬರ ತಟ್ಟೆಗೂ ಲೆಕ್ಕ ಹಾಕುತ್ತಾ ಹಾಕುತ್ತಾ ಕಲಿತದ್ದನ್ನು ಇಲ್ಲಿ ಇಡುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಸುಸ್ತಿಗೆ ಜಿಂಕ್ ಒಂದೇ ಕಾರಣ ಅಲ್ಲ. ಹಿಮೋಗ್ಲೋಬಿನ್, ಬಿ12, ಥೈರಾಯ್ಡ್, ಸಕ್ಕರೆ ಇಷ್ಟನ್ನೂ ನೋಡಿಸದೆ ಸೀದಾ ಮಟನ್ ಅಂಗಡಿಗೆ ಹೋಗಬೇಡಿ.

ತೂಗುವುದಕ್ಕೆ ಏನೇನು ಬೇಕು

ಜಿಂಕ್ ಅಂದರೆ ನಮ್ಮ ಸತು. ಗಾಯ ಮಾಯಲು, ರೋಗ ತಡೆಯಲು, ನಾಲಿಗೆಗೆ ರುಚಿ ತಿಳಿಯಲು ಬೇಕಾದ ಖನಿಜ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಲೆಕ್ಕದಲ್ಲಿ ಗಂಡಸಿಗೆ ದಿನಕ್ಕೆ 17 ಮಿ.ಗ್ರಾಂ, ಹೆಂಗಸಿಗೆ 13.2 ಮಿ.ಗ್ರಾಂ. ಅಮೆರಿಕದಲ್ಲಿ ಇದೇ ಅಂಕಿ 11 ಮತ್ತು 8. ನಮಗೆ ಯಾಕೆ ಇಷ್ಟು ಜಾಸ್ತಿ? ನಾವು ತಿನ್ನುವುದು ಹೆಚ್ಚಾಗಿ ಧಾನ್ಯ, ಕಾಳು. ಅವುಗಳ ಸಿಪ್ಪೆಯಲ್ಲಿರುವ ಫೈಟೇಟ್ ಎಂಬ ಅಂಶ ಜಿಂಕನ್ನು ಹಿಡಿದಿಟ್ಟುಕೊಂಡು ಕರುಳಿಗೆ ಬಿಟ್ಟುಕೊಡುವುದಿಲ್ಲ. ಆದ್ದರಿಂದ ತಟ್ಟೆಯಲ್ಲಿ ಎಷ್ಟಿದೆ ಎನ್ನುವುದರ ಜೊತೆಗೆ ಮೈಗೆ ಎಷ್ಟು ಹತ್ತುತ್ತದೆ ಎಂದೂ ಕೇಳಬೇಕು.

ಎರಡನೆಯದು, ಜಿಂಕ್ ಜೊತೆಗೆ ಇನ್ನೇನು ಬರುತ್ತದೆ ಎನ್ನುವುದು. ನನ್ನ ಪ್ರಕಾರ ಇಡೀ ಪ್ರಶ್ನೆ ನಿಂತಿರುವುದೇ ಇಲ್ಲಿ. ಅಮೆರಿಕದ ಆರು ಕಡೆಗಳ 45ರಿಂದ 84 ವಯಸ್ಸಿನವರನ್ನು 2000ದಿಂದ ಹಿಂಬಾಲಿಸುತ್ತಿರುವ 'ಮೆಸಾ' ಎಂಬ ದೊಡ್ಡ ಅಧ್ಯಯನವಿದೆ. ಅದರ ಮಾಹಿತಿ ಹಿಡಿದು 2012ರಲ್ಲಿ ಬಂದ ಲೇಖನದ ಪ್ರಕಾರ, ಕೆಂಪು ಮಾಂಸದಿಂದ ಹೆಚ್ಚು ಜಿಂಕ್ ಪಡೆದವರಲ್ಲಿ ಹೃದಯ–ರಕ್ತನಾಳದ ಕಾಯಿಲೆ ಹೆಚ್ಚು ಕಂಡಿತು. ಬೇರೆ ಆಹಾರದಿಂದ ಜಿಂಕ್ ಪಡೆದವರಲ್ಲಿ ಆ ನಂಟು ಕಾಣಲಿಲ್ಲ. ಜಿಂಕ್ ಎರಡು ಕಡೆಯೂ ಅದೇ ಜಿಂಕ್. ಹಾಗಾದರೆ ಅನುಮಾನ ಹೋಗಬೇಕಾದದ್ದು ಅದರ ಜೊತೆಗಾರರ ಮೇಲೆ: ಕೊಬ್ಬು, ಮಾಂಸದ ಕೆಂಪು ಬಣ್ಣದಲ್ಲಿರುವ 'ಹೀಮ್' ಕಬ್ಬಿಣ, ಕರುಳಿನ ಬ್ಯಾಕ್ಟೀರಿಯಾ ಮಾಂಸದಿಂದ ಹುಟ್ಟಿಸುವ ಕೆಲವು ವಸ್ತುಗಳು. ಆದರೆ ಎರಡು ಎಚ್ಚರಿಕೆ ಇದೆ. ಇಂಥ ಅಧ್ಯಯನ ನಂಟನ್ನು ತೋರಿಸುತ್ತದೆ, ಅಪರಾಧಿಯನ್ನು ಹಿಡಿದು ಕೊಡುವುದಿಲ್ಲ. ಮತ್ತೆ ಅಲ್ಲಿನವರ ಕೆಂಪು ಮಾಂಸ ಎಂದರೆ ಹೆಚ್ಚುಪಾಲು ದನದ್ದು, ಹಂದಿಯದ್ದು. ವಾರಕ್ಕೊಮ್ಮೆ ಮುದ್ದೆ ಜೊತೆ ನಾಲ್ಕು ತುಂಡು ಮೇಕೆ ಮಾಂಸ ತಿನ್ನುವ ಅರಸೀಕೆರೆ ಅಜ್ಜನನ್ನು ಅವರು ಲೆಕ್ಕ ಹಾಕಿಲ್ಲ.

ಉಳಿದದ್ದು ಬೇಗ ಹೇಳಬಹುದು. ಹಲ್ಲು ಹೇಗಿದೆ, ದುಡ್ಡು ಎಷ್ಟಿದೆ, ಮನೆಯಲ್ಲಿ ಯಾವ ಕಾಯಿಲೆ ಇದೆ. ಬಿಪಿಗೆ ಕೊಡುವ ನೀರು ಹೋಗುವ ಮಾತ್ರೆಗಳಲ್ಲಿ ಥಯಜೈಡ್ ಜಾತಿಯವು ಜಿಂಕನ್ನೂ ಮೂತ್ರದಲ್ಲಿ ಕಳಿಸುತ್ತವೆ. ಅಪ್ಪನ ಮಾತ್ರೆ ಪಟ್ಟಿಯಲ್ಲಿ ಅದಿದ್ದರೆ ಡಾಕ್ಟರ ಹತ್ತಿರ ಒಂದು ಮಾತು ಎತ್ತಿ.

ಮಟನ್

ಜಿಂಕ್ ಮಾತ್ರ ನೋಡಿದರೆ ನಮ್ಮ ಮಾರ್ಕೆಟ್ಟಿನ ಬಾಡಿನ ಪೈಕಿ ಮಟನ್ನೇ ಮುಂದೆ. 100 ಗ್ರಾಂ ಮೂಳೆಯಿಲ್ಲದ ಮೆತ್ತನೆ ಮಾಂಸದಲ್ಲಿ 3ರಿಂದ 4 ಮಿ.ಗ್ರಾಂ. ಫೈಟೇಟ್ ಕಾಟವಿಲ್ಲ, ಸಲೀಸಾಗಿ ಮೈಗೆ ಹತ್ತುತ್ತದೆ. ಅದಕ್ಕಿಂತ ದೊಡ್ಡ ಗುಣ ಒಂದಿದೆ: ಮಾಂಸದ ಪ್ರೋಟೀನು ಜೊತೆಯಲ್ಲಿ ತಿಂದ ಕಾಳಿನ ಜಿಂಕನ್ನೂ ಎಳೆದು ತರುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ತೊಂದರೆ ಇರುವುದು ನಾವು ಅದನ್ನು ಕೊಳ್ಳುವ ರೀತಿಯಲ್ಲಿ. ಅಂಗಡಿ ಮುಂದೆ ನಿಂತು ಕೇಳಿಸಿಕೊಳ್ಳಿ. "ಸ್ವಲ್ಪ ಕೊಬ್ಬು ಹಾಕಪ್ಪ, ಸಾರು ರುಚಿ ಬರ್ಲಿ." ಕತ್ತಿಯ ತುದಿಯಲ್ಲಿ ಬಿಳಿ ಗಡ್ಡೆಯೊಂದನ್ನು ಎತ್ತಿ ಅವನು ತಕ್ಕಡಿಗೆ ಹಾಕುತ್ತಾನೆ, ಅದನ್ನೂ ಮಾಂಸದ ರೇಟಿಗೇ. ಕೊಬ್ಬು ಬಿಡಿಸಿದ ಮೇಕೆ ಮಾಂಸದಲ್ಲಿ 100 ಗ್ರಾಂಗೆ 3 ಗ್ರಾಂ ಆಸುಪಾಸು ಕೊಬ್ಬಿದ್ದರೆ, ಕೊಬ್ಬು ಸಮೇತದ ಕುರಿಯಲ್ಲಿ ಅದು 15–20 ಗ್ರಾಂ ದಾಟಬಹುದು. ಕುರಿಯೋ ಮೇಕೆಯೋ, ತೊಡೆಯೋ ಪಕ್ಕೆಯೋ ಎಂಬುದರ ಮೇಲೆ ಹೃದಯದ ಲೆಕ್ಕವೇ ಬದಲಾಗುತ್ತದೆ. ಹೊಸತೊಡಕಿನ ಗುಡ್ಡೆ ಮಾಂಸದಲ್ಲಿ ಈ ಆಯ್ಕೆ ಇರುವುದಿಲ್ಲ, ಪಾಲಿಗೆ ಬಂದದ್ದು ಬಂತು. ಅದು ವರ್ಷಕ್ಕೊಂದು ದಿನ. ಅಷ್ಟಕ್ಕೆ ನಾನಂತೂ ತಲೆ ಕೆಡಿಸಿಕೊಳ್ಳುವುದಿಲ್ಲ.

ನಮ್ಮ ಮನೆಯಲ್ಲಿ ಈಗ ಒಂದು ಪದ್ಧತಿ. ಶನಿವಾರ ರಾತ್ರಿಯೇ ಮಾಂಸ ಬೇಯಿಸಿ ಆರಿಸಿ ಫ್ರಿಜ್ಜಿನಲ್ಲಿಡುವುದು. ಬೆಳಿಗ್ಗೆ ತೆಗೆದರೆ ಮೇಲೆ ಮೇಣದ ಹಾಗೆ ಬಿಳಿ ಪದರ ಕಟ್ಟಿರುತ್ತದೆ. ಚಮಚದಿಂದ ಎತ್ತಿ ತೆಗೆದು, ಆಮೇಲೆ ಖಾರ ಹಾಕಿ ಕುದಿಸುವುದು. ಮೊದಲ ಸಲ ಅಮ್ಮ "ಸಾರಿನ ಜೀವನೇ ತೆಗೆದುಬಿಟ್ಯಲ್ಲೋ" ಎಂದು ಗೊಣಗಿದಳು. ಆ ಪದರವನ್ನು ಒಂದು ಬಟ್ಟಲಿಗೆ ಹಾಕಿ ತೋರಿಸಿದೆ. ಕಾಲು ಬಟ್ಟಲು. ಸುಮ್ಮನಾದಳು.

ಮಸಾಲೆ ಬಗ್ಗೆಯೂ ಹೇಳಬೇಕು. ತಣ್ಣಗಾದರೆ ಗಟ್ಟಿಯಾಗುವ ಸ್ಯಾಚುರೇಟೆಡ್ ಕೊಬ್ಬು ದಿನದ ಒಟ್ಟು ಕ್ಯಾಲೊರಿಯಲ್ಲಿ ನೂರಕ್ಕೆ ಹತ್ತರ ಒಳಗಿರಬೇಕು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. 1800 ಕ್ಯಾಲೊರಿ ತಿನ್ನುವ ಹಿರಿಯರಿಗೆ ಅದು 20 ಗ್ರಾಂ. ಹಸಿ ತೆಂಗಿನಕಾಯಿ 100 ಗ್ರಾಂನಲ್ಲಿ ಹತ್ತಿರ ಹತ್ತಿರ 30 ಗ್ರಾಂ ಅದೇ ಕೊಬ್ಬಿದೆ. ಮಟನ್ನನ್ನು ಬೈದು, ಇಡೀ ಹೋಳು ಕಾಯಿ ರುಬ್ಬಿ ಹಾಕುವ ಮನೆಗಳು ನಮ್ಮಲ್ಲಿ ಕಮ್ಮಿ ಇಲ್ಲ. ಈರುಳ್ಳಿ, ಹುರಿಗಡಲೆ ಹಾಕಿ ರುಬ್ಬಿದರೂ ಸಾರು ಮಂದ ಬರುತ್ತದೆ.

ಈಲಿಯಲ್ಲಿ, ಅಂದರೆ ಲಿವರಿನಲ್ಲಿ, ಜಿಂಕ್ ಚೆನ್ನಾಗಿದೆ, ಹಲ್ಲಿಲ್ಲದವರಿಗೂ ಮೆತ್ತಗೆ. ಆದರೆ ಕೊಲೆಸ್ಟ್ರಾಲ್ ಬಹಳ, ಯೂರಿಕ್ ಆಸಿಡ್ ಜಾಸ್ತಿ ಇರುವವರಿಗೆ ಆಗದು. ಇನ್ನು ಕಾಲು ಸೂಪು. ಬಿದ್ದು ಎದ್ದವರಿಗೆಲ್ಲ ಕಾಲು ಸೂಪು ಕುಡಿಸುವ ನಂಬಿಕೆಯನ್ನು ಒಡೆಯಲು ಮನಸ್ಸಿಲ್ಲ, ಆದರೆ ಜಿಂಕ್ ಇರುವುದು ಮಾಂಸದಲ್ಲಿ. ಸೂಪು ಬಿಸಿಬಿಸಿ ಹಿತ, ಅಷ್ಟೇ.

ಕೋಳಿ

ಹಾರ್ಟಿನವರಿಗೆ ಕೋಳಿ ಎಂಬ ಮಾತು ಮುಕ್ಕಾಲು ನಿಜ. ಚರ್ಮ ತೆಗೆದರೆ ಕೊಬ್ಬು ಕಮ್ಮಿ. ಆದರೆ ಜಿಂಕ್‌ಗೆ ಎಂದು ಕೋಳಿ ತಿನ್ನುವವರು ಯಾವ ತುಂಡು ಎಂದು ನೋಡಬೇಕು. ಎದೆ ಭಾಗದಲ್ಲಿ 100 ಗ್ರಾಂಗೆ 1 ಮಿ.ಗ್ರಾಂಗಿಂತ ಕಮ್ಮಿ, ತೊಡೆ, ಕಾಲಿನ ಕಪ್ಪು ಮಾಂಸದಲ್ಲಿ ಅದರ ಎರಡು ಪಟ್ಟು. ಜಿಮ್ಮಿಗೆ ಹೋಗುವ ಮೊಮ್ಮಗನಿಗೆ ಎದೆ ತುಂಡು, ತಾತನಿಗೆ ಕಾಲು ತುಂಡು. ಜಗಳವೂ ಇಲ್ಲ. ನಾಟಿ ಕೋಳಿ ರುಚಿಯಲ್ಲಿ ಎತ್ತರ, ಅಗಿಯುವುದರಲ್ಲಿ ಕಷ್ಟ; ಹಲ್ಲು ಸೆಟ್ ಹಾಕಿಕೊಂಡವರಿಗೆ ಫಾರಂ ಕೋಳಿಯೇ ಸಲೀಸು. ಚರ್ಮ ಸಮೇತ ಸುಟ್ಟು ತರುವವರು ಅರಿಶಿನ ಹಚ್ಚಿದ ಮೇಲಾದರೂ ಹಿರಿಯರ ಪಾಲಿನ ಚರ್ಮ ಬಿಡಿಸಿ.

ಮೀನು, ಏಡಿ

ಶಿರಾಡಿ ಘಾಟಿ ಹತ್ತಿ ಬರುವ ಭೂತಾಯಿ, ಬಂಗುಡೆ ಹಾಸನಕ್ಕೂ ಸಿಗುತ್ತದೆ, ಚಾರ್ಮಾಡಿ ಕಡೆಯಿಂದ ಮೂಡಿಗೆರೆಗೂ. ಗೊರೂರು ಹಿನ್ನೀರಿನ ಕಾಟ್ಲಾ, ರೋಹು ಬೇರೆ. ಹೃದಯದ ಮಟ್ಟಿಗೆ ಈ ಪಟ್ಟಿಯಲ್ಲಿ ಮೊದಲನೆ ಸ್ಥಾನ ಎಣ್ಣೆಯಂಶದ ಕಡಲ ಮೀನಿಗೆ. ವಾರಕ್ಕೆರಡು ಸಲ ತಿನ್ನಿ ಎಂಬುದು ಅಮೆರಿಕದ ಹೃದಯ ಸಂಘದ ಹಳೆಯ ಸಲಹೆ. ಜಿಂಕ್ ಮಾತ್ರ ಸಾಧಾರಣ, ಭೂತಾಯಿಯಲ್ಲಿ 100 ಗ್ರಾಂಗೆ 1 ಮಿ.ಗ್ರಾಂ ಮೇಲೆ ಸ್ವಲ್ಪ, ಬಂಗುಡೆಯಲ್ಲಿ ಇನ್ನೂ ಕಮ್ಮಿ. ಏಡಿಯಲ್ಲಿ ಮೀನಿಗಿಂತ ಜಾಸ್ತಿ. ಮಲೆನಾಡಿನವರು ಮಳೆಗಾಲದಲ್ಲಿ ಏಡಿ ಸಾರಿಗೆ ಕಾಯುವುದು ಜಿಂಕ್‌ಗಾಗಿ ಅಲ್ಲ, ಆದರೂ ಬರುವುದು ಬರುತ್ತದೆ. ಭೂತಾಯಿ ಯೂರಿಕ್ ಆಸಿಡ್‌ನವರಿಗೆ ಹೊಂದುವುದಿಲ್ಲ. ಒಣಮೀನು ಬಿಪಿಯವರಿಗೆ ಬೇಡವೇ ಬೇಡ, ಅದರಲ್ಲಿರುವುದು ಉಪ್ಪಿನ ಗಣಿ. ಮತ್ತೆ, ಎಣ್ಣೆಯಲ್ಲಿ ಗರಿಗರಿ ಹುರಿದು ತಿಂದರೆ ಹೃದಯಕ್ಕೆ ಮೀನು ಎಂಬ ಮಾತು ಹೇಳಿಕೊಳ್ಳಬಾರದು. ಹುಳಿ ಸಾರು ಮಾಡಿ.

ಹಂದಿ

ಸಕಲೇಶಪುರ, ಮೂಡಿಗೆರೆ ಕಡೆ ಕಡುಬಿನ ಜೊತೆ ಹಂದಿ ಸಾರಿಲ್ಲದ ಹಬ್ಬವನ್ನು ಹಬ್ಬ ಎನ್ನುವುದಿಲ್ಲ. ಜಿಂಕ್ 2–3 ಮಿ.ಗ್ರಾಂ, ಕೋಳಿಗಿಂತ ಮೇಲೆ, ಮಟನ್ನಿಗಿಂತ ಸ್ವಲ್ಪ ಕೆಳಗೆ. ತೆಳು ಮಾಂಸವನ್ನಷ್ಟೇ ಆರಿಸಿದರೆ ಅದು ಅಷ್ಟು ಕೆಟ್ಟದ್ದಲ್ಲ. ಆದರೆ ಹಂದಿ ತಿನ್ನುವವರು ತೆಳು ಮಾಂಸಕ್ಕಾಗಿ ತಿನ್ನುತ್ತಾರೆಯೇ? ಚಿಕ್ಕಪ್ಪನಿಗೆ ಚರ್ಮ, ಅದರ ಕೆಳಗಿನ ಬಿಳಿ, ಅದರ ಕೆಳಗಿನ ಕೆಂಪು, ಮೂರೂ ಒಂದೇ ತುಂಡಿನಲ್ಲಿರಬೇಕು. ಸ್ಟೆಂಟ್ ಆದ ಮೇಲೆ ಅವರ ಡಾಕ್ಟರು ಹಬ್ಬಕ್ಕೆ ಎರಡು ತುಂಡು ಎಂದರು. ತುಂಡಿನ ಸೈಜು ಹೇಳಲಿಲ್ಲ ಎಂದು ಚಿಕ್ಕಪ್ಪನ ವಾದ.

ಮೊಟ್ಟೆ

ಒಂದು ಮೊಟ್ಟೆಯಲ್ಲಿ 0.6 ಮಿ.ಗ್ರಾಂ ಸುಮಾರು, ಎಲ್ಲವೂ ಹೆಚ್ಚುಕಮ್ಮಿ ಹಳದಿಯಲ್ಲಿ. ಹಳದಿ ಬಿಸಾಡಿ ಬಿಳಿ ತಿನ್ನುವವರು ಜಿಂಕನ್ನೂ ಬಿಸಾಡುತ್ತಿದ್ದಾರೆ. ಹಲ್ಲು ಬೇಡ, ಬೇಗ ಬೇಯುತ್ತದೆ, ಒಂಟಿಯಾಗಿರುವ ಹಿರಿಯರೂ ಮಾಡಿಕೊಳ್ಳಬಹುದು. ಹೆಚ್ಚಿನವರಿಗೆ ದಿನಕ್ಕೊಂದು ತೊಂದರೆಯಿಲ್ಲ. ಸಕ್ಕರೆ ಕಾಯಿಲೆ, ಜೋರು ಕೊಲೆಸ್ಟ್ರಾಲ್ ಇದ್ದರೆ ಕೇಳಿ ತಿನ್ನಿ.

ಕಾಳು, ರಾಗಿ, ಬೀಜ

ಮಾಂಸ ತಿನ್ನದ ಮನೆಯವರು ಇಲ್ಲಿಯವರೆಗೆ ತಾಳ್ಮೆಯಿಂದ ಓದಿದ್ದರೆ ಕೈ ಮುಗಿದೆ. 100 ಗ್ರಾಂ ಒಣ ಅಲಸಂದೆ, ಕಡಲೆ, ಹುರುಳಿಯಲ್ಲಿ ಸುಮಾರು 3 ಮಿ.ಗ್ರಾಂ, ರಾಗಿಯಲ್ಲಿ 2.5, ಅಕ್ಕಿಯಲ್ಲಿ 1ರ ಮೇಲೆ ಸ್ವಲ್ಪ. ಕಡಲೆಕಾಯಿ ಬೀಜ 3ರ ಮೇಲೆ, ಗೋಡಂಬಿ 5ರ ಮೇಲೆ, ಎಳ್ಳು, ಕುಂಬಳಬೀಜ 7ರ ಮೇಲೆ. ಅಂಕಿ ನೋಡಿದರೆ ಮಟನ್ನಿಗೇನೂ ಸೋತಿಲ್ಲ. ಸೋಲುವುದು ಫೈಟೇಟ್ ಮುಂದೆ.

ಫೈಟೇಟ್‌ಗೆ ಮದ್ದು ನಮ್ಮ ಅಜ್ಜಿಯರ ಕೈಯಲ್ಲೇ ಇತ್ತು. ಹುರುಳಿ ನೆನೆಸಿ, ಬಟ್ಟೆ ಕಟ್ಟಿ ಮೊಳಕೆ ಬರಿಸುವುದು. ರಾಗಿ ಮೊಳಕೆ ಕಟ್ಟಿ ಒಣಗಿಸಿ ಹುರಿದು ಹಿಟ್ಟು ಮಾಡುವುದು. ಇಡ್ಲಿ ಹಿಟ್ಟು ಹುಳಿ ಬರಿಸುವುದು. ಮೊಳಕೆಯಲ್ಲಿ, ಹುಳಿಯಲ್ಲಿ ಫೈಟೇಟ್ ಒಡೆಯುತ್ತದೆ, ಜಿಂಕ್ ಬಿಡುಗಡೆಯಾಗುತ್ತದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳು 2010ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಧಾನ್ಯ, ಕಾಳಿನ ಜೊತೆ ಈರುಳ್ಳಿ ಬೆಳ್ಳುಳ್ಳಿ ಸೇರಿಸಿದಾಗ ಅವುಗಳ ಕಬ್ಬಿಣ, ಜಿಂಕ್ ಹೆಚ್ಚು ದಕ್ಕುವಂತಾದದ್ದು ಕಂಡಿತು. ಲ್ಯಾಬಿನ ಬೀಕರಿನಲ್ಲಿ ಮಾಡಿದ ಪ್ರಯೋಗ, ಹೊಟ್ಟೆಯಲ್ಲಿ ಅಲ್ಲ. ಆದರೂ ಹುರುಳಿ ಸಾರಿಗೆ ಬೆಳ್ಳುಳ್ಳಿ ಒಗ್ಗರಣೆ ಯಾರಿಗೆ ಬೇಡ?

ಹೃದಯದ ಕಡೆಯಿಂದ ನೋಡಿದರೆ ಕಾಳಿನ ಜೊತೆಗಾರರೆಲ್ಲ ಒಳ್ಳೆಯವರು: ನಾರು, ಸಸ್ಯ ಪ್ರೋಟೀನು. ಅಡ್ಡಿ ಎರಡು. ವಯಸ್ಸಾದವರಿಗೆ ಗ್ಯಾಸು, ಮೊಳಕೆ ಬರಿಸಿ ಚೆನ್ನಾಗಿ ಬೇಯಿಸಿದರೆ ಕಮ್ಮಿಯಾಗುತ್ತದೆ. ಕಿಡ್ನಿ ತೊಂದರೆ ಇದ್ದರೆ ಕಾಳು, ಬೀಜ, ಮಾಂಸ ಎಲ್ಲದರ ಲೆಕ್ಕವೂ ಬೇರೆ. ಅಂಥವರು ಈ ಬರಹ ಪಕ್ಕಕ್ಕಿಟ್ಟು ನಿಮ್ಮ ಕಿಡ್ನಿ ಡಾಕ್ಟರ ಚೀಟಿ ಹಿಡಿದು ನಡೆಯಿರಿ.

ಮಾತ್ರೆ

ಕೊರೋನಾ ಕಾಲದಲ್ಲಿ ಜಿಂಕ್ ಮಾತ್ರೆ ಪೆಪ್ಪರಮೆಂಟಿನಂತೆ ಹಂಚಿಹೋಯಿತು. ನಮ್ಮ ಮನೆಗೂ ಬಂತು. ಔಷಧಿ ಅಂಗಡಿಯವನು ಕೊಟ್ಟ ಸ್ಟ್ರಿಪ್ಪನ್ನು ನಾನೂ ಓದಲಿಲ್ಲ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕಾಫಿ ಜೊತೆ ನುಂಗಿದ ಅಮ್ಮ ಅರ್ಧ ಗಂಟೆಯಲ್ಲಿ ಬಚ್ಚಲಿಗೆ ಓಡಿದಳು. ಆಮೇಲೆ ನೋಡಿದರೆ ಜಿಂಕ್ ಸಲ್ಫೇಟ್ 220 ಮಿ.ಗ್ರಾಂ, ಅಂದರೆ ಅದರಲ್ಲಿ 50 ಮಿ.ಗ್ರಾಂ ಜಿಂಕ್. ವಯಸ್ಕರ ಮೇಲ್ಮಿತಿಯೇ ದಿನಕ್ಕೆ 40. ಇಂಥದ್ದನ್ನು ತಿಂಗಳುಗಟ್ಟಲೆ ನುಂಗಿದರೆ ಮೈಯ ತಾಮ್ರ ಇಳಿದು ರಕ್ತ ಕಮ್ಮಿಯಾಗಬಹುದು, ಕೈಕಾಲು ಜೋಮು ಹಿಡಿಯಬಹುದು, ಒಳ್ಳೆಯ ಕೊಲೆಸ್ಟ್ರಾಲೂ ಇಳಿಯಬಹುದು. ಹೃದಯ ಕಾಪಾಡಲು ಹೊರಟವರಿಗೆ ಇದು ಉಲ್ಟಾ ದಾರಿ. ಕೆಲವು ಆಂಟಿಬಯಾಟಿಕ್‌ಗಳ ಜೊತೆಗೂ ಜಿಂಕ್ ಹೊಂದುವುದಿಲ್ಲ. ರಕ್ತದಲ್ಲಿ ಜಿಂಕ್ ನೋಡುವ ಪರೀಕ್ಷೆಯನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ, ಸೋಂಕು ಇದ್ದಾಗ ತಾನಾಗಿಯೇ ಕಮ್ಮಿ ತೋರಿಸುತ್ತದೆ. ಮಾತ್ರೆ ಬೇಕಾದವರು ಇದ್ದಾರೆ, ಅದನ್ನು ಬರೆಯಬೇಕಾದವರು ಡಾಕ್ಟರು.

ದುಡ್ಡಿನ ಲೆಕ್ಕ

ದರ ವಾರವಾರಕ್ಕೆ ಬದಲಾಗುತ್ತದೆ, ಲೆಕ್ಕಕ್ಕೆ ಒಂದು ಅಂಕಿ ಹಿಡಿಯೋಣ. ಮಟನ್ ಕೆಜಿಗೆ 800, ಮೂಳೆ ಕಳೆದರೆ 700 ಗ್ರಾಂ ಮಾಂಸ, ಸುಮಾರು 25 ಮಿ.ಗ್ರಾಂ ಜಿಂಕ್: ಒಂದು ಮಿ.ಗ್ರಾಂಗೆ 32 ರೂಪಾಯಿ. ಕೋಳಿ ಕೆಜಿಗೆ 240, ಅದರಲ್ಲಿ ಜಿಂಕ್ ಸುಮಾರು 10 ಮಿ.ಗ್ರಾಂ ಎಂದುಕೊಂಡರೆ 24 ರೂಪಾಯಿ. ಮೊಟ್ಟೆ 7 ರೂಪಾಯಿಯದ್ದಾದರೆ 12ರ ಹತ್ತಿರ. ಅಲಸಂದೆ ಕೆಜಿ 120 ಎಂದರೆ 4 ರೂಪಾಯಿ. ಕಾಳಿನ ಜಿಂಕ್ ಅರ್ಧವೇ ದಕ್ಕಿದರೂ 8 ರೂಪಾಯಿ. ಹಾಸನದ ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ಕಾಳಿನ ಚೀಲದ ಮುಂದೆ ನಿಂತು ಈ ಗುಣಾಕಾರ ಮಾಡಿದಾಗ ನನಗೇ ನಗು ಬಂತು.

ಯಾರಿಗೆ ಯಾವುದು

ಸ್ಟೆಂಟ್ ಆದವರು, ಹೃದಯಾಘಾತ ಆದವರು, ಕೊಲೆಸ್ಟ್ರಾಲ್ ಹಿಡಿತಕ್ಕೆ ಬಾರದವರು: ವಾರಕ್ಕೆರಡು ದಿನ ಮೀನಿನ ಸಾರು, ಒಂದು ದಿನ ಚರ್ಮ ತೆಗೆದ ಕೋಳಿ ಕಾಲು, ಉಳಿದ ದಿನ ಮೊಳಕೆ ಕಾಳು, ಸಂಜೆ ಒಂದು ಹಿಡಿ ಉಪ್ಪಿಲ್ಲದ ಕಡಲೆಬೀಜ. ಮಟನ್ ತಿಂಗಳಿಗೆ ಒಂದೆರಡು ಸಲ, ಕೊಬ್ಬು ತೆಗೆದು. ಜಿಂಕ್ ನೆಪ ಹೇಳಿ ಇದಕ್ಕಿಂತ ಹೆಚ್ಚು ತಿನ್ನಬೇಕಾದ ಅಗತ್ಯ ನನಗೆ ಕಾಣುವುದಿಲ್ಲ.

ಎಂಬತ್ತು ದಾಟಿ, ತೂಕ ಇಳಿಯುತ್ತಾ, ಅನ್ನ–ತಿಳಿಸಾರು ಬಿಟ್ಟು ಬೇರೇನೂ ಬೇಡ ಎನ್ನುವ ಅಜ್ಜಿಯ ವಿಷಯದಲ್ಲಿ ನನ್ನ ಅಭಿಪ್ರಾಯ ತಿರುಗುತ್ತದೆ. ಅಲ್ಲಿ ಮೊದಲ ಅಪಾಯ ಕೊಬ್ಬಿನದ್ದಲ್ಲ, ಉಣ್ಣದೆ ಇರುವುದರದ್ದು. ಮೆತ್ತಗೆ ಬೇಯಿಸಿದ ಖೈಮಾ, ಬೇಯಿಸಿದ ಮೊಟ್ಟೆ, ಏನು ಇಳಿಯುತ್ತದೋ ಅದು. "ಹಾರ್ಟಿಗೆ ಆಗಲ್ಲ" ಎಂದು ಕಿತ್ತುಕೊಳ್ಳಬೇಡಿ.

ಮಧ್ಯದಲ್ಲಿ ಇರುವವರು, ಅಂದರೆ ನಮ್ಮಮ್ಮನಂತೆ ಬಿಪಿ ಸ್ವಲ್ಪ, ಹಲ್ಲು ಸ್ವಲ್ಪ, ಆಸೆ ಪೂರ್ತಿ ಇರುವವರಿಗೆ ಮೊದಲು ನೆನಪಿಟ್ಟುಕೊಳ್ಳಿ ಎಂದೆನಲ್ಲ, ಆ ಮಾತು. ಮಾಂಸ ಕಾಳಿನ ಜಿಂಕನ್ನೂ ಎಳೆದು ತರುತ್ತದೆ. ಹಾಗಾಗಿ ಮಾಂಸವೋ ಕಾಳೋ ಎಂದು ಜಗಳ ಆಡುವುದಕ್ಕಿಂತ ಎರಡನ್ನೂ ಒಂದೇ ಪಾತ್ರೆಗೆ ಹಾಕುವುದು ಲಾಭ. ಅವರೆಕಾಯಿ ಸೀಸನ್ನಿನಲ್ಲಿ ಹಾಸನದ ಮನೆಗಳಲ್ಲಿ ಮಾಡುವ ಅವರೆಕಾಳು–ಮಟನ್ ಸಾರೇ ಅದು. ನಾಲ್ಕು ಜನಕ್ಕೆ ಅರ್ಧ ಕೆಜಿ ಬದಲು ಕಾಲು ಕೆಜಿ ತೊಡೆ ಮಾಂಸ, ಎರಡು ಪಾವು ಅವರೆಕಾಳು, ಕಾಯಿ ಒಂದು ಚೂರು. ಸೀಸನ್ ಮುಗಿದ ಮೇಲೆ ಮೊಳಕೆ ಹುರುಳಿ.

ಚಿಕ್ಕಪ್ಪ ಕಳೆದ ಸಂಕ್ರಾಂತಿಗೆ ಬಂದಿದ್ದರು. ಬಟ್ಟಲಲ್ಲಿ ಸೌಟು ಆಡಿಸಿ ನೋಡಿ, "ಇದೇನು, ಕಾಳಿನ ಮಧ್ಯೆ ಮಾಂಸ ಹುಡುಕ್ಬೇಕಲ್ಲಪ್ಪ" ಎಂದರು. ಹುಡುಕಿದರು. ಮೂರು ತುಂಡು ಸಿಕ್ಕಿತು. ಎರಡನೇ ಸಲ ಬಡಿಸುವಾಗ ಸಾರು, ಕಾಳು ಮಾತ್ರ ಹಾಕಿಸಿಕೊಂಡು ಇನ್ನರ್ಧ ಮುದ್ದೆ ಕೇಳಿದರು.